ಪ್ರಶಸ್ತಿ ಅಮೆರಿಕದಲ್ಲಿ, ಪರೀಕ್ಷೆ ನಮ್ಮವರ ಕಣ್ಣಲ್ಲಿ

ಕೊಯಮತ್ತೂರು: ಮಗ್ಗದ ಮುಂದೆ ಕೂತವರಿಗೆ ಎಳೆ ಮಸುಕಾಗಿ ಕಂಡರೆ ಮನೆಯಲ್ಲಿ ಮೊದಲು ಬರೋ ಮಾತು ಒಂದೇ: ‘ವಯಸ್ಸಾಯ್ತಲ್ಲ, ಕನ್ನಡಕ ಬದಲಿಸಿ’. ಸಿರುಮುಗೈಯ ರೇಷ್ಮೆ ಮಗ್ಗವಿರಲಿ, ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಯ ಹೊಲಿಗೆ ಮೆಷಿನ್ ಇರಲಿ, ಕಣ್ಣು ಕೈಕೊಟ್ಟರೆ ಕೂಲಿಯೂ ಹೋಯ್ತು. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಬರೀ ಕನ್ನಡಕದ ಅಂಗಡಿ ಸಾಲದು. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಸಣ್ಣ ರಕ್ತನಾಳಗಳು ಸೋರಲು ಶುರುವಾದರೂ ಮೊದಮೊದಲು ನೋವಿಲ್ಲ, ಉರಿಯಿಲ್ಲ, ನೋಟವೂ ಚೆನ್ನಾಗೇ ಇರುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಈ ಗುಟ್ಟಿನ ರೋಗವನ್ನು ಬೆಳಕಿನಿಂದಲೇ ಹಿಡಿಯುವ ವಿದ್ಯೆಗೆ ಈಚಿನ ವರ್ಷಗಳಲ್ಲಿ ದೊಡ್ಡ ಮನ್ನಣೆಗಳು ಬಂದಿವೆ. ವೈದ್ಯಕೀಯ ದೃಗ್ವಿಜ್ಞಾನ ಎಂಬ ಭಾರದ ಹೆಸರು ಕೇಳಿ ಇದು ವಿಜ್ಞಾನಿಗಳ ಸಮಾಚಾರ ಎಂದು ಪುಟ ತಿರುವಬೇಕಿಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೂ ಇದು ಸಂಬಂಧಪಟ್ಟ ವಿಷಯ.

ವಿದ್ಯಾರ್ಥಿಯ ಹೆಸರು ಮೊದಲು

1991ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಮೊದಲ ಲೇಖಕ ಡೇವಿಡ್ ಹುವಾಂಗ್ ಆಗಿನ್ನೂ ವಿದ್ಯಾರ್ಥಿ. ಜತೆಗಿದ್ದವರಲ್ಲಿ ಜೇಮ್ಸ್ ಫುಜಿಮೊಟೊ ಮತ್ತು ಎರಿಕ್ ಸ್ವಾನ್ಸನ್ ಪ್ರಮುಖರು. ಹೊಟ್ಟೆಯ ಸ್ಕ್ಯಾನಿಂಗ್‌ಗೆ ಶಬ್ದದ ಅಲೆ ಬಳಸುವ ಹಾಗೆ ಇವರು ಬೆಳಕಿನ ಅಲೆ ಬಳಸಿದರು. ಮರಳಿ ಬಂದ ಬೆಳಕನ್ನು ಅಳೆದು ಅಕ್ಷಿಪಟಲದ ಪದರಪದರವನ್ನು ಚಿತ್ರವಾಗಿಸಿದರು. ಅರ್ಧ ಮಿಲಿಮೀಟರ್‌ಗಿಂತ ತೆಳುವಾದ ಆ ಪರದೆಯಲ್ಲಿ ಎಲ್ಲಿ ನೀರು ತುಂಬಿದೆ ಎಂಬುದು ಸೂಜಿ ಚುಚ್ಚದೆ, ಕಣ್ಣು ಮುಟ್ಟದೆ ಕಾಣುವಂತಾಯಿತು. ಆಸ್ಪತ್ರೆಗಳಲ್ಲಿ ‘ಓಸಿಟಿ ತೆಗೆಸಿಕೊಂಡು ಬನ್ನಿ’ ಅಂತಾರಲ್ಲ, ಅದು ಇದೇ.

ಈ ಮೂವರಿಗೆ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ ಬಂದದ್ದು 2023ರಲ್ಲಿ, ಪ್ರಬಂಧ ಅಚ್ಚಾಗಿ 32 ವರ್ಷಗಳಾದ ಮೇಲೆ. ಅಷ್ಟರಲ್ಲಿ ಆ ಯಂತ್ರ ಜಗತ್ತಿನ ಕಣ್ಣಾಸ್ಪತ್ರೆಗಳಲ್ಲಿ ದಿನಬಳಕೆಯ ವಸ್ತುವಾಗಿತ್ತು.

ಅರವಿಂದ್, ನಾರಾಯಣ ನೇತ್ರಾಲಯದ ಪಾಲು

ಇನ್ನೊಂದು ಪ್ರಬಂಧದ ಬೇರು ಇಲ್ಲಿಗೆ ಇನ್ನೂ ಹತ್ತಿರ. 2016ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಗೂಗಲ್ ಸಂಶೋಧಕರು ಅದನ್ನು ಪ್ರಕಟಿಸಿದರು. ಅಕ್ಷಿಪಟಲದ 1,28,175 ಫೋಟೋಗಳನ್ನು ತೋರಿಸಿ, ಸಕ್ಕರೆ ಕಾಯಿಲೆಯಿಂದಾದ ಹಾನಿ ಗುರುತಿಸಲು ಕಂಪ್ಯೂಟರ್‌ಗೆ ಕಲಿಸಿದ್ದರು. ಒಂದೊಂದು ಫೋಟೋವನ್ನೂ ವೈದ್ಯರು 3ರಿಂದ 7 ಬಾರಿ ನೋಡಿ ತೀರ್ಪು ಕೊಟ್ಟಿದ್ದರು. ಫೋಟೋಗಳು ಅಮೆರಿಕದಿಂದ ಮಾತ್ರ ಬಂದಿರಲಿಲ್ಲ. ಅರವಿಂದ್ ಕಣ್ಣಾಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯಗಳಿಂದಲೂ ಬಂದಿದ್ದವು. ಆ ದಶಕದ ಪ್ರಮುಖ ಲೇಖನಗಳಲ್ಲಿ ಒಂದೆಂದು ಅದನ್ನು ಆಮೇಲೆ ಗುರುತಿಸಲಾಯಿತು.

ಅರವಿಂದ್ ಹೆಸರು ಈ ಭಾಗದವರಿಗೆ ಹೊಸದಲ್ಲ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ ಮಧುರೈನಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಸಂಸ್ಥೆ 1997ರಲ್ಲಿ ಕೊಯಮತ್ತೂರಿಗೆ ಬಂತು. ತಿರುಪ್ಪೂರು, ಉಡುಮಲೈಪೇಟೆಗಳಲ್ಲೂ ಅದರ ಸೇವೆ ಇದೆ. 1956ರವರೆಗೆ ಕೊಳ್ಳೇಗಾಲ ಕೂಡ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಗಡಿ ಬದಲಾದರೂ ಘಟ್ಟ ಇಳಿದು ಈ ಕಡೆಯ ಆಸ್ಪತ್ರೆಗೆ ಬರೋ ರೂಢಿ ನಿಂತಿಲ್ಲ.

ಹೊಗಳಿಕೆಯಷ್ಟೇ ಸಾಲದು

ಮೆಚ್ಚಬೇಕಾದದ್ದು ಇನ್ನೊಂದಿದೆ. ಹೆಸರು ಬಂದ ಮೇಲೆ ಸಂಶೋಧಕರು ಅಲ್ಲಿಗೇ ನಿಲ್ಲಲಿಲ್ಲ. ಅರವಿಂದ್ ಮತ್ತು ಶಂಕರ ನೇತ್ರಾಲಯಗಳಿಗೆ ಬಂದ 3,049 ರೋಗಿಗಳ ಮೇಲೆ ಅದೇ ವಿಧಾನವನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಫೋಟೋ ನೋಡಿ ಹೇಳುವ ತಜ್ಞರಿಗೆ ಸಮನಾಗಿ, ಕೆಲವೆಡೆ ಅವರಿಗಿಂತ ಚೆನ್ನಾಗಿ ಅದು ಕೆಲಸ ಮಾಡಿತು. ಆದರೂ ಅರವಿಂದ್‌ನಲ್ಲಿ ರೋಗವಿದ್ದ ಪ್ರತಿ 100ರಲ್ಲಿ ಸುಮಾರು 89ನ್ನು ಹಿಡಿದರೆ 11 ತಪ್ಪಿಹೋಗುತ್ತಿತ್ತು. ಅದನ್ನೂ ಮುಚ್ಚಿಡದೆ ಬರೆದರು.

ಥಾಯ್ಲೆಂಡಿನ 11 ಕ್ಲಿನಿಕ್‌ಗಳ ಅನುಭವ 2020ರಲ್ಲಿ ಹೊರಬಂತು. ಕೋಣೆಯಲ್ಲಿ ಕತ್ತಲೆ ಸಾಲದೆ ಫೋಟೋ ಮಸುಕಾಗಿತ್ತು. 1,838 ಫೋಟೋಗಳಲ್ಲಿ ಶೇ. 21ರಷ್ಟನ್ನು ಯಂತ್ರ ‘ನೋಡಲಾಗದು’ ಎಂದು ತಳ್ಳಿಹಾಕಿತು. ಹಾಗೆ ತಳ್ಳಿಹಾಕಿದ್ದಕ್ಕೆ ಇನ್ನೊಂದು ದಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದರೆ ದಿನಗೂಲಿಯವರಿಗೆ ಒಂದು ದಿನದ ಸಂಬಳ ಖೋತಾ, ಮೇಲೆ ಬಸ್ ಚಾರ್ಜು. ಪ್ರಯೋಗಾಲಯದಲ್ಲಿ ಗೆದ್ದದ್ದು ಹಳ್ಳಿಯ ಕ್ಲಿನಿಕ್‌ನಲ್ಲಿ ಎಲ್ಲಿ ಎಡವುತ್ತದೆ ಎಂದು ತೋರಿಸಿದ ಆ ವರದಿಯೂ ಬಹುಮಾನಕ್ಕೆ ಅರ್ಹವೇ.

ಮನೆಯವರು ಮಾಡಬೇಕಾದ್ದು

ಸಾಮಾನ್ಯವಾಗಿ ದೊಡ್ಡವರಲ್ಲಿ ಕಾಣುವ ಸಕ್ಕರೆ ಕಾಯಿಲೆಯಾದರೆ, ಅದು ಪತ್ತೆಯಾದ ವರ್ಷವೇ ಅಕ್ಷಿಪಟಲ ತೋರಿಸಬೇಕು. ಆಮೇಲೆ ವರ್ಷಕ್ಕೊಮ್ಮೆ, ಅಥವಾ ವೈದ್ಯರು ಹೇಳಿದಷ್ಟು ಸಲ. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ಮಂಜು ಮಂಜಾಗಿರುತ್ತದೆ. ಆದ್ದರಿಂದ ಗಾಡಿ ಓಡಿಸಬಾರದು, ಜತೆಗೊಬ್ಬರು ಇದ್ದರೆ ಒಳ್ಳೆಯದು. ಹಳೆಯ ಚೀಟಿ, ಹಳೆಯ ಫೋಟೋ ಎಸೆಯದೆ ತೆಗೆದುಕೊಂಡು ಹೋದರೆ ಹಾನಿ ಹೆಚ್ಚಿದೆಯೋ ಇಲ್ಲವೋ ವೈದ್ಯರಿಗೆ ತಿಳಿಯುತ್ತದೆ.

‘ಕಣ್ಣು ಚೆನ್ನಾಗೇ ಕಾಣ್ತಿದೆಯಲ್ಲ, ಈಗ್ಯಾಕೆ’ ಅನ್ನೋ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಚೆನ್ನಾಗಿ ಕಾಣ್ತಿರುವಾಗಲೇ ತೋರಿಸಬೇಕು ಅನ್ನೋದನ್ನೇ ಆ ಪ್ರಬಂಧಗಳ ಫೋಟೋಗಳೆಲ್ಲ ಹೇಳುತ್ತಿವೆ.