ಫೋನಿನಿಂದ ಹಾರುವ ಆಟಿಕೆ: ಹವ್ಯಾಸಿಗಳು ಅನುಮಾನಪಟ್ಟಿದ್ದೇಕೆ?



ರಜೆ ಬಂತೆಂದರೆ ಮನೆಯಲ್ಲಿ ಮಕ್ಕಳ ಬೇಡಿಕೆ ಶುರು. ಹಿಂದೆ ಸೈಕಲ್ಲು, ವಿಡಿಯೋ ಗೇಮು. ಈಗ ಕ್ಯಾಮೆರಾ ಇರುವ ಡ್ರೋನ್. ಕೊಡಿಸಬೇಕೇ ಬೇಡವೇ ಎಂದು ನೀವು ತಲೆ ಕೆರೆದುಕೊಳ್ಳುತ್ತಿದ್ದರೆ, ಈ ಜಾತಿಯ ಆಟಿಕೆಯನ್ನು ಮನೆಮಾತಾಗಿಸಿದ ಒಂದು ಡ್ರೋನಿನ ಕಥೆ ಕೇಳಿ.

2010ರ ಜನವರಿ. ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಪ್ಯಾರಿಸ್ಸಿನ ಪ್ಯಾರಟ್ ಕಂಪನಿ ಎಆರ್.ಡ್ರೋನ್ ಎಂಬುದನ್ನು ತೋರಿಸಿತು. ನಾಲ್ಕು ಪುಟ್ಟ ಫ್ಯಾನು, ಮುಂದೊಂದು ಕ್ಯಾಮೆರಾ, ಹೊಟ್ಟೆಯಡಿ ಇನ್ನೊಂದು. ಓಡಿಸುವುದು ಐಫೋನಿನಿಂದ. ಆ ವರ್ಷವೇ ಅಮೆರಿಕದಲ್ಲಿ 299 ಡಾಲರಿಗೆ ಮಾರಾಟಕ್ಕೆ ಬಂತು. ಆಗಿನ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ಸಾವಿರ ರೂಪಾಯಿ. ಕಂಪನಿ ಇದನ್ನು ವಿಮಾನವೆನ್ನಲಿಲ್ಲ, ವಿಡಿಯೋ ಗೇಮ್ ಎಂದಿತು. ಕ್ಯಾಮೆರಾ ತೋರಿಸುವ ನಿಜವಾದ ಕೋಣೆಯ ಚಿತ್ರದ ಮೇಲೆ ಫೋನು ಸುಳ್ಳು ಶತ್ರುಗಳನ್ನು ಬಿಡಿಸುತ್ತದೆ, ನೀವು ಹಾರುತ್ತ ಹೊಡೆಯಬೇಕು. ಇದು ಅವರ ಕಲ್ಪನೆ.

ರಿಮೋಟ್ ವಿಮಾನ, ಹೆಲಿಕಾಪ್ಟರ್ ಹಾರಿಸಿ ಪಳಗಿದ ಹವ್ಯಾಸಿಗಳು ಮೂಗು ಮುರಿದರು. ಅವರ ಮೊದಲ ತಕರಾರು ಕೈಗೆ ಸಂಬಂಧಿಸಿದ್ದು. ರಿಮೋಟಿನ ಕಡ್ಡಿ ಎಷ್ಟು ಬಾಗಿದೆಯೆಂದು ಬೆರಳಿಗೇ ಗೊತ್ತಾಗುತ್ತದೆ, ಕಣ್ಣು ವಿಮಾನದ ಮೇಲೇ ಇರಬಹುದು. ಗಾಜಿನ ಪರದೆಯಲ್ಲಿ ಬೆರಳು ಜಾರಿದರೂ ತಿಳಿಯದು. ಎರಡನೆಯದು ವೈಫೈ. ಸುಮಾರು 50 ಮೀಟರ್ ದಾಟಿದರೆ ಸಂಪರ್ಕ ಅನುಮಾನ. ಅದೂ ನಮ್ಮ ಫ್ಲಾಟುಗಳಂಥ ಕಡೆ, ಪ್ರತಿ ಮನೆಯ ರೌಟರೂ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಮಾಡುತ್ತಿರುವಾಗ! ಮೂರನೆಯದು ಬ್ಯಾಟರಿ: ಒಂದೂವರೆ ಗಂಟೆ ಚಾರ್ಜ್ ಮಾಡಿದರೆ ಹಾರಾಟ ಹನ್ನೆರಡು ನಿಮಿಷ. ಮುಂದಿನ ಕ್ಯಾಮೆರಾ 640 ಅಡ್ಡ, 480 ಉದ್ದ ಚುಕ್ಕಿಗಳದ್ದು, ಅಂದರೆ ಒಂದು ಮೆಗಾಪಿಕ್ಸೆಲಿನ ಮೂರನೇ ಒಂದು ಭಾಗವೂ ಇಲ್ಲ. ಇನ್ನು ಗೆಳೆಯನೊಂದಿಗೆ ಹೋರಾಟದ ಆಟ ಆಡಲು ಅವನ ಬಳಿಯೂ ಒಂದು ಡ್ರೋನ್ ಬೇಕು. 299ರ ಎರಡರಷ್ಟು ಎಷ್ಟೆಂದು ನೀವೇ ಲೆಕ್ಕ ಹಾಕಿ.

ಆದರೆ ಒಂದು ವಿಷಯದಲ್ಲಿ ಹವ್ಯಾಸಿಗಳ ಅಂದಾಜು ತಪ್ಪಿತು. ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸುವುದನ್ನು ಕಲಿಯಲು ಅವರು ತಿಂಗಳುಗಟ್ಟಲೆ ಬೆವರು ಸುರಿಸಿದ್ದರು. ಇಲ್ಲಿ ಪರದೆಯಿಂದ ಬೆರಳು ತೆಗೆದರೆ ಸಾಕು, ತಾನೇ ನಿಲ್ಲುತ್ತಿತ್ತು! ಗುಟ್ಟು ಹೊಟ್ಟೆಯಡಿ ಇತ್ತು. ಅಲ್ಟ್ರಾಸೌಂಡ್ ಸೆನ್ಸಾರು ಬಾವಲಿಯಂತೆ ಸದ್ದು ಹೊರಡಿಸಿ, ಅದು ಮರಳಿ ಬರುವ ಹೊತ್ತಿನಿಂದ ಎತ್ತರ ಅಳೆಯುತ್ತದೆ. ಕೆಳಗಿನ ಕ್ಯಾಮೆರಾ ನೆಲದ ಚಿತ್ರ ಎತ್ತ ಸರಿಯುತ್ತಿದೆಯೆಂದು ನೋಡಿ ಜಾರುವಿಕೆಯನ್ನು ಸರಿಪಡಿಸುತ್ತದೆ. ಇಂಥ ಯಂತ್ರಕ್ಕೆ ನೆಲದಲ್ಲಿ ಗುರುತು ಬೇಕು. ಒಂದೇ ಬಣ್ಣದ ನುಣುಪು ಟೈಲ್ಸ್ ಮೇಲೆ, ಮಬ್ಬು ಬೆಳಕಿನಲ್ಲಿ ಅದು ದಾರಿ ತಪ್ಪುತ್ತದೆ. ಅಲ್ಟ್ರಾಸೌಂಡಿನ ಅಳತೆಯೂ ಆರು ಮೀಟರಿನ ಒಳಗಿನದು.

ಮನೆಯೊಳಗೆ ಹಾರಿಸುವಾಗ ಫ್ಯಾನುಗಳ ಸುತ್ತ ಹಗುರ ಫೋಮಿನ ಕವಚ ಹಾಕುತ್ತಾರೆ. ಹೊರಗೆ ಅದೇ ಕವಚ ಗಾಳಿಗೆ ಹಾಯಿಯಂತಾಗುತ್ತದೆ. ಇದನ್ನು ನಾನು ಓದಿ ಕಲಿತದ್ದಲ್ಲ. ನಮ್ಮ ಭಾವ ತಂದ ಇಂಥದೇ ಒಂದು ಡ್ರೋನನ್ನು (ಬೇರೆ ಕಂಪನಿಯದು, ತಪ್ಪು ನಮ್ಮದೇ) ಪುಣೆಯ ಬಿಲ್ಡಿಂಗಿನ ಟೆರೇಸಿನಲ್ಲಿ ಕವಚ ಸಮೇತ ಹಾರಿಸಿದೆವು. ಗಾಳಿ ಅದನ್ನು ಎತ್ತಿಕೊಂಡು ಗೋಡೆ ದಾಟಿಸಿ ನಾಲ್ಕು ಮಹಡಿ ಕೆಳಗೆ ಹಾಕಿತು, ವಾಚ್‌ಮನ್ ಕುರ್ಚಿಯ ಪಕ್ಕದಲ್ಲೇ. ಪುಣ್ಯಕ್ಕೆ ಆತ ಚಹಾಕ್ಕೆ ಹೋಗಿದ್ದ.

ಅನುಮಾನಗಳು ಎಷ್ಟು ನಿಜವಾದವು? ಎಆರ್.ಡ್ರೋನಿನ ವೈಫೈಗೆ ಪಾಸ್‌ವರ್ಡ್ ಇರಲಿಲ್ಲ. 2013ರ ಡಿಸೆಂಬರಿನಲ್ಲಿ ಸ್ಯಾಮಿ ಕಾಮ್ಕರ್ ಎಂಬ ತಂತ್ರಜ್ಞ ತನ್ನ ಡ್ರೋನಿನಿಂದಲೇ ಬೇರೆಯವರ ಪ್ಯಾರಟ್ ಡ್ರೋನುಗಳನ್ನು ವಶಪಡಿಸಿಕೊಳ್ಳುವ ಪ್ರೋಗ್ರಾಮ್ ಬರೆದು ತೋರಿಸಿದ. ಕ್ಯಾಮೆರಾದ ದೂರನ್ನು ಕಂಪನಿಯೇ 2012ರ ಎರಡನೇ ಮಾದರಿಯಲ್ಲಿ 720ಪಿ ಕ್ಯಾಮೆರಾ ಹಾಕಿ ತೀರಿಸಿತು. 2014ರ ಬೆಬಾಪ್ ಡ್ರೋನಿಗೆ ಕಡ್ಡಿಗಳಿರುವ ರಿಮೋಟೂ ಬಂತು. ಆಟಗಳು ಮಾತ್ರ ಮೂಲೆ ಸೇರಿದವು. ಜನಕ್ಕೆ ಬೇಕಾದದ್ದು ಮೇಲಿನಿಂದ ತೆಗೆದ ಫೋಟೋ. ತಮಾಷೆಯೆಂದರೆ, ಆಟಿಕೆಯೆಂದು ಹವ್ಯಾಸಿಗಳು ಬದಿಗಿಟ್ಟದ್ದನ್ನು ವಿಶ್ವವಿದ್ಯಾಲಯಗಳ ರೋಬಾಟ್ ಲ್ಯಾಬುಗಳು ಅಗ್ಗದ ಪ್ರಯೋಗಯಂತ್ರವೆಂದು ಕೊಂಡುಕೊಂಡವು.

ಈಗ ನಿಮ್ಮ ಮನೆಯ ಮಾತು. ಡಬ್ಬಿಯ ಮೇಲೆ ‘4ಕೆ’ ಎಂದು ದೊಡ್ಡದಾಗಿ ಬರೆದಿದ್ದರೆ ಅದನ್ನು ಆಮೇಲೆ ನೋಡಿ. ಜಾಗದಲ್ಲಿ ನಿಲ್ಲಲು ಸೆನ್ಸಾರ್ ಏನಿದೆ, ಹಾರಾಟ ಎಷ್ಟು ನಿಮಿಷ, ಮುರಿದ ಫ್ಯಾನು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲು ಕೇಳಿ. ತೂಕವನ್ನೂ ವಿಚಾರಿಸಿ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ‘ನ್ಯಾನೋ’, ಎಆರ್.ಡ್ರೋನ್ ಹೊರಗಿನ ಕವಚದೊಂದಿಗೇ 380 ಗ್ರಾಂ ಇತ್ತು. ಮುಂಬಯಿ, ದೆಹಲಿಯವರು ತಮ್ಮ ಏರಿಯಾ ಯಾವ ಬಣ್ಣದ ವಲಯದಲ್ಲಿದೆಯೆಂದು ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಲೇಬೇಕು. ಕೆಂಪು ವಲಯದಲ್ಲಿ ಕೇಂದ್ರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ವಿದೇಶದಿಂದ ತಂದುಕೊಡುತ್ತೇನೆ ಎನ್ನುವ ನೆಂಟರಿಗೆ 2022ರ ಫೆಬ್ರವರಿಯ ಆಮದು ನಿಷೇಧದ ವಿಷಯ ಮೊದಲೇ ಹೇಳಿಬಿಡಿ.

ಯಾರಾದರೂ ಹಳೆಯ ಡ್ರೋನ್ ಕೊಟ್ಟರೆ ಬ್ಯಾಟರಿ ಬಿಚ್ಚಿ ನೋಡಿ. ಸ್ವಲ್ಪ ಊದಿಕೊಂಡಿದ್ದರೂ ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತೀತು. ನಮ್ಮ ಭಾವನದು ಹಾಗೇ ಊದಿ ಕೂತಿದೆ.