ಏರ್‌ಬ್ಲಾಸ್ಟ್ ಬಿಲ್ಲೆಗೆ ನಾಲ್ಕು ಪಟ್ಟು ಬೆಲೆ

ರಾಬರ್ಟ್‌ಸನ್‌ಪೇಟೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅಂಗೈಗೆ ಬಂದ ಹಿತ್ತಾಳೆ ಬಿಲ್ಲೆ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಮೇಲುಗಡೆ ಒಂದು ತೂತು, ಸುತ್ತ ಗಣಿಯ ಹೆಸರಿನ ಇಂಗ್ಲಿಷ್ ಅಕ್ಷರ, ನಡುವೆ ನಂಬರು. ‘ಮಾಮೂಲಿ ಬಿಲ್ಲೆ ಆದ್ರೆ ಕಡಿಮೆಗೆ ಕೊಡ್ತೀನಿ. ಇದು ಏರ್‌ಬ್ಲಾಸ್ಟ್‌ನಲ್ಲಿ ಹೋದವನದು ಸಾರ್, ನಾಲ್ಕು ಪಟ್ಟು’ ಎಂದರು ಅಂಗಡಿಯವರು. ಹೋದವನು ಯಾರು ಎಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ.

ಆ ಪೇಟೆ ಇರುವ ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿಯ ಕಥೆ ಕೋಲಾರದವರಿಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಬಾಗಿಲು ಹಾಕಿತು. ಅಷ್ಟು ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದನ್ನೇ ಅಲ್ಲಿನವರು ಏರ್‌ಬ್ಲಾಸ್ಟ್ ಎನ್ನುತ್ತಾರೆ. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ ನೋಡಲು ಬರುವವರಿಗೆ ಮನೆಗೆ ಒಯ್ಯಲು ಏನಾದರೂ ಬೇಕು. ಹಳೇ ಲಾಂದ್ರ, ಷೇರು ಪತ್ರ, ಬಿಲ್ಲೆ, ಎಲ್ಲಕ್ಕೂ ಗಿರಾಕಿ ಇದ್ದಾರೆ.

ಬಿಲ್ಲೆಯ ಕೆಲಸ ಏನೆಂದು ತಿಳಿದರೆ ಆ ‘ನಾಲ್ಕು ಪಟ್ಟು’ ಎಂಥದೆಂದು ಗೊತ್ತಾಗುತ್ತದೆ. ಗಣಿಗಳಲ್ಲಿ ಇದ್ದ ಪದ್ಧತಿ ಇದು: ಕೆಳಗಿಳಿಯುವವನು ತನ್ನ ಬಿಲ್ಲೆಯನ್ನು ಲ್ಯಾಂಪ್ ರೂಮಿನಲ್ಲಿ ಕೊಟ್ಟು, ಅದೇ ನಂಬರಿನ ದೀಪ ಪಡೆಯುತ್ತಾನೆ. ಬಿಲ್ಲೆ ಹಲಗೆಯ ಕೊಕ್ಕೆಯಲ್ಲಿ ನೇತಾಡುತ್ತದೆ. ಪಾಳಿ ಮುಗಿಸಿ ಬಂದವನು ದೀಪ ಒಪ್ಪಿಸಿ ಬಿಲ್ಲೆ ವಾಪಸು ತೆಗೆದುಕೊಳ್ಳುತ್ತಾನೆ. ಕೊಕ್ಕೆಯಲ್ಲೇ ಉಳಿದ ಬಿಲ್ಲೆ ಎಂದರೆ ಮೇಲೆ ಬಾರದ ಮನುಷ್ಯ. ಅನಾಹುತದ ದಿನ ಶಾಫ್ಟಿನ ಬಾಯಲ್ಲಿ ಹೆಂಡಿರು ಮಕ್ಕಳು ಸೇರಿದಾಗ, ಒಳಗೆ ಯಾರಿದ್ದಾರೆಂದು ಹೇಳಬಲ್ಲದ್ದು ಆ ಹಲಗೆ ಮತ್ತು ಪಕ್ಕದ ರಿಜಿಸ್ಟರು.

ಅಂದ ಮೇಲೆ ಇಂಥ ಪದ್ಧತಿಯಲ್ಲಿ ಸತ್ತವನ ಬಿಲ್ಲೆ ಅವನ ಮೈಮೇಲೆ ಸಿಗುವುದಿಲ್ಲ, ಮೇಲೇ ಇರುತ್ತದೆ. ನಂಬರು ಖಾಲಿಯಾದರೆ ಅದನ್ನು ಮುಂದೆ ಇನ್ನೊಬ್ಬನಿಗೆ ಕೊಡುವುದೂ ಉಂಟು. ಒಂದೇ ಬಿಲ್ಲೆ ಒಬ್ಬನ ಸಾವನ್ನೂ ಮತ್ತೊಬ್ಬನ ನಿವೃತ್ತಿಯನ್ನೂ ಕಂಡಿರಬಹುದು. ಇಸವಿ ಮತ್ತು ರಿಜಿಸ್ಟರು ಇಲ್ಲದೆ ‘ಏರ್‌ಬ್ಲಾಸ್ಟ್‌ನಲ್ಲಿ ಹೋದವನದು’ ಎಂಬ ಮಾತನ್ನು ನಾನು ನಂಬಲಾರೆ. ನಿಜವೇ ಆಗಿದ್ದರೆ ಇನ್ನೂ ಕಷ್ಟ. ಹಿತ್ತಾಳೆಗೆ ಒಂದು ಬೆಲೆ, ಉಳಿದ ಮೂರು ಪಟ್ಟು ಆ ಮನುಷ್ಯನ ಸಾವಿಗೆ. ಅದರಲ್ಲಿ ಅವನ ಮನೆಯವರಿಗೆ ಬಿಡಿಗಾಸೂ ಇಲ್ಲ, ಅವನ ಹೆಸರೂ ಇಲ್ಲ.

ಟೈಟಾನಿಕ್ ಮುಳುಗುವಾಗ ವಾದ್ಯವೃಂದ ನಡೆಸಿದ ವ್ಯಾಲೇಸ್ ಹಾರ್ಟ್ಲಿಯ ಪಿಟೀಲು 2013ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 9 ಲಕ್ಷ ಪೌಂಡಿಗೆ ಹೋಯಿತು. ಆ ವ್ಯಾಪಾರವೂ ನನಗೆ ಹಿತವೆನಿಸುವುದಿಲ್ಲ. ಆದರೆ ಅಲ್ಲಿ ಕೊನೇಪಕ್ಷ ಯಾರ ಪಿಟೀಲೆಂದು ಜಗತ್ತಿಗೆ ಗೊತ್ತು. ನಮ್ಮಲ್ಲಿ ಬಡ ತಮಿಳು, ತೆಲುಗು ಕೂಲಿಯ ಸಾವು ಮಾರಾಟವಾಗುತ್ತದೆ, ಅವನು ಮಾತ್ರ ನಂಬರಾಗಿಯೇ ಉಳಿಯುತ್ತಾನೆ. ಅದೂ ಎಲ್ಲ ಸಾವಿಗೆ ಬೆಲೆಯಿಲ್ಲ. ಕಲ್ಲಿನ ಧೂಳು ಕುಡಿದು ವರ್ಷಗಟ್ಟಲೆ ಕೆಮ್ಮಿ ಸತ್ತವರಿಗಾಗಿ ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ಮಾಡಬೇಕಾಯಿತು. ‘ಸಿಲಿಕೋಸಿಸ್ ಬಿಲ್ಲೆ’ ಎಂದು ಯಾರೂ ಕೂಗಿ ಮಾರುವುದನ್ನು ನಾನು ಕೇಳಿಲ್ಲ.

ಇದೇ ಜಿಲ್ಲೆಯಲ್ಲಿ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನೆಟ್ಟಿದ್ದಾರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಇಂಥ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ತುರು ಬಿಡಿಸಿ ಸತ್ತ ವೀರನ ಹೆಸರನ್ನು ಸಾವಿರ ವರ್ಷದ ಮೇಲೂ ಓದಬಹುದು. ನೂರು ವರ್ಷದ ಹಿಂದಿನ ಗಣಿ ಕೂಲಿಯ ಹೆಸರು ಬೇಕೆಂದರೆ ಎಲ್ಲಿ ಹುಡುಕೋಣ?

ಸಂಗ್ರಾಹಕರನ್ನೆಲ್ಲ ಬೈಯುವುದು ನನ್ನ ಉದ್ದೇಶವಲ್ಲ. ಗುಜರಿಗೆ ಬಿದ್ದು ಕರಗಬೇಕಿದ್ದ ಎಷ್ಟೋ ಬಿಲ್ಲೆ ಉಳಿದಿರುವುದು ಅವರಿಂದಲೇ. ಗಣಿ ಮುಚ್ಚಿದ ಮೇಲೆ ಒಲೆ ಹತ್ತಿಸಲು ಅಪ್ಪನ ಬಿಲ್ಲೆ ಮಾರಿದ ಮನೆಯವರ ಮೇಲೆ ನನಗೆ ಕಿಂಚಿತ್ತೂ ಆಕ್ಷೇಪವಿಲ್ಲ. ಸಾವಿನ ಕಥೆ ಅಂಟಿಸಿ ಬೆಲೆ ಏರಿಸುವವರ ಮೇಲೆ, ಅದನ್ನು ಕೇಳಿ ರೋಮಾಂಚನಗೊಂಡು ದುಡ್ಡು ಎಣಿಸುವವರ ಮೇಲೆ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಚಾರಿತ್ರಿಕ ಮಹತ್ವದ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ ಎನ್ನುತ್ತದೆ. ಅದರ ವ್ಯಾಪಾರಕ್ಕೂ ಪರವಾನಗಿ ಬೇಕು. ಹಳೆಯ ಬಿಲ್ಲೆಗಳನ್ನು ಆ ಕಣ್ಣಿನಿಂದ ನೋಡುವವರು ಮಾತ್ರ ಕಡಿಮೆ.

ನಾನು ಬಿಲ್ಲೆ ಕೊಳ್ಳಲಿಲ್ಲ, ನಂಬರು ಬರೆದುಕೊಂಡೆ. ಇಟ್ಟುಕೊಂಡವರೆಲ್ಲ ಇಷ್ಟು ಮಾಡಬಹುದು: ಎರಡೂ ಬದಿಯ ಫೋಟೊ, ಗಣಿಯ ಹೆಸರು, ನಂಬರು, ಯಾರಿಂದ ಬಂತೆಂಬ ಟಿಪ್ಪಣಿ. ಅವನ್ನು ಒಂದೆಡೆ ಸೇರಿಸಿ ಹಳೇ ರಿಜಿಸ್ಟರುಗಳ ಜೊತೆ ತಾಳೆ ನೋಡುವ ಕೆಲಸವನ್ನು ಜಿಲ್ಲೆಯ ಯಾವುದಾದರೂ ಕಾಲೇಜಿನ ಇತಿಹಾಸ ವಿಭಾಗ ಕೈಗೆತ್ತಿಕೊಳ್ಳಲಿ. ಬೇಗ ಆಗಬೇಕು. ಲ್ಯಾಂಪ್ ರೂಮಿನಲ್ಲಿ ದುಡಿದು, ನಂಬರು ಹೇಳಿದರೆ ಆಳನ್ನು ನೆನಪಿಸಿಕೊಳ್ಳಬಲ್ಲವರು ಆಂಡರ್ಸನ್‌ಪೇಟೆ, ಮಾರಿಕುಪ್ಪಂ ಲೈನುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆಲ್ಲ ವಯಸ್ಸಾಗಿದೆ.