ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಬಗೆ: ಗುಳಿಗೆಯ ಒಲೆಯೂ ಕೆಂಡದ ಅಗ್ಗಿಷ್ಟಿಕೆಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಹೊಸ್ತಿಲ ಹುಣ್ಣಿವೆಯಿಂದ ಭಾರತ ಹುಣ್ಣಿವೆಯ ವರೆಗೆ ಚಳಿಯ ಕಾಲವು. ಹಗಲಿನಲ್ಲಿ ಬಿಸಿಲು ಚೆನ್ನಾಗಿ ಇದ್ದಾಗ್ಯೂ ಆಕಾಶವು ನಿರ್ಮಲವಾಗಿರುವ ರಾತ್ರಿಗಳಲ್ಲಿ ನೆಲದ ಕಾವು ಬೇಗನೆ ಆರಿಹೋಗಿ, ಬೆಳಗಿನ ಜಾವದ ಉಷ್ಣಮಾನವು ಕೆಲವು ವರ್ಷ ೧೦ ಡಿಗ್ರಿ ಸೆಂಟಿಗ್ರೇಡಿನ ಆಚೀಚೆಗೆ ಇಳಿಯುವದುಂಟು. ಆಗ ಮುದುಕರು, ಬಾಣಂತಿಯರು, ಹಸುಗೂಸುಗಳು ಬೆಂಕಿಯ ಆಶ್ರಯವನ್ನು ಬಯಸುವದು ಸಹಜವೇ ಸರಿ. ಆದರೆ ಬೆಂಕಿಯನ್ನು ಎಲ್ಲಿ, ಯಾವ ಉರುವಲಿನಿಂದ, ಯಾವ ರೀತಿಯಿಂದ ಹಚ್ಚಬೇಕೆಂಬುದನ್ನು ಅರಿಯದೆ ಹಚ್ಚಿದರೆ ಅದೇ ಆಶ್ರಯವು ಪ್ರಾಣಕ್ಕೆ ಮುಳುವಾಗುವದು. ಆದುದರಿಂದ ಈ ವಿಷಯವನ್ನು ಗ್ರಾಮದ ಹಿರಿಯರೂ ಜಮೀನುದಾರರೂ ಸಮಾಧಾನದಿಂದ ಓದಿ, ತಮ್ಮ ಊರವರಿಗೆ ತಿಳಿಸಿ ಹೇಳಬೇಕೆಂದು ವಿನಂತಿಯಿದೆ.

ಕೆಂಡದ ಅಪಾಯ

ನಮ್ಮ ಜಿಲ್ಲೆಯಲ್ಲಿಯೇ ನಡೆದ ಸಂಗತಿಯೊಂದನ್ನು ಮೊದಲು ನೆನೆಯೋಣ. ೨೦೨೫ನೆಯ ಇಸವಿಯ ನವೆಂಬರ ತಿಂಗಳಲ್ಲಿ ಬೆಳಗಾವಿ ನಗರದ ಒಂದು ಮನೆಯಲ್ಲಿ ಚಳಿಗೆಂದು ಇದ್ದಿಲ ಕೆಂಡವನ್ನು ಕೋಣೆಯೊಳಗೆ ಇಟ್ಟು ಮಲಗಿದ ಮೂವರು ತರುಣರು ಉಸಿರುಗಟ್ಟಿ ತೀರಿಕೊಂಡರು. ಅವರಿಗೆ ಬೆಂಕಿ ತಗಲಲಿಲ್ಲ. ಕೊಂದದ್ದು ಕಣ್ಣಿಗೆ ಕಾಣದ ವಿಷವಾಯು.

ಕಟ್ಟಿಗೆಯಾಗಲಿ ಇದ್ದಿಲಾಗಲಿ ಸಾಕಷ್ಟು ಗಾಳಿ ಸಿಗದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಾಯುವು ಹುಟ್ಟುವದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ಕಣಗಳು ಪ್ರಾಣವಾಯುವಿಗಿಂತ ೨೦೦ ಪಾಲಿಗೂ ಹೆಚ್ಚಾಗಿ ಈ ವಾಯುವನ್ನು ಹಿಡಿದುಕೊಳ್ಳುವ ಸ್ವಭಾವದವು. ಹೀಗಾಗಿ ಗಾಳಿಯಲ್ಲಿ ಅದರ ಅಂಶವು ಸ್ವಲ್ಪವೇ ಇದ್ದರೂ ದೇಹಕ್ಕೆ ಪ್ರಾಣವಾಯು ಸಾಲದಾಗುವದು. ಮೊದಲು ತಲೆನೋವು, ತಲೆಸುತ್ತು, ವಾಂತಿ, ಬಳಿಕ ಮಂಪರು. ಮಲಗಿದವನು ಎಚ್ಚರಗೊಳ್ಳುವದೇ ಇಲ್ಲ. ಹೊಗೆಯಾಡುವ ಕಟ್ಟಿಗೆಯಾದರೆ ಕಣ್ಣು ಉರಿದು ಮನುಷ್ಯನು ಹೊರಗೆ ಓಡುವನು. ಹೊಗೆಯಿಲ್ಲದ ನಿಗಿನಿಗಿ ಕೆಂಡವು ನಿರಪಾಯವೆಂಬ ಭ್ರಾಂತಿಯನ್ನು ಹುಟ್ಟಿಸುವದರಿಂದ ಅದೇ ಹೆಚ್ಚು ಘಾತುಕವು.

“ನಮ್ಮ ಅಜ್ಜಿಯ ಕಾಲದಿಂದಲೂ ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಡುತ್ತ ಬಂದಿದ್ದೇವೆ, ಏನೂ ಆಗಿಲ್ಲವಲ್ಲ” ಎಂದು ಹಲವರು ಕೇಳುವರು. ಇದಕ್ಕೆ ಉತ್ತರವು ಮನೆಯ ಕಟ್ಟಡದಲ್ಲಿಯೇ ಇದೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗೆ ಮೇಲೆ ಬೆಳಕಿಂಡಿ ಇರುತ್ತಿತ್ತು. ಬಾಗಿಲ ಸಂದಿಗಳಿಂದ ಗಾಳಿ ಒಳಗೆ ಬಂದು, ಬಿಸಿಯಾದ ಕೆಟ್ಟ ಗಾಳಿಯು ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ಆಗಲೂ ಅಪಾಯವು ಇಲ್ಲದಿರಲಿಲ್ಲ, ಕಡಿಮೆಯಾಗಿತ್ತು ಅಷ್ಟೆ. ಈಗಿನ ಸಿಮೆಂಟಿನ ಮನೆಯಲ್ಲಿ ಬೆಳಕಿಂಡಿ ಇಲ್ಲ. ಕಿಟಕಿಗೆ ಗಾಜು, ಬಾಗಿಲು ಬಿಗಿ. ಅಜ್ಜಿಯ ಅಗ್ಗಿಷ್ಟಿಕೆಯನ್ನು ಹೊಸ ಮನೆಗೆ ತಂದವರು ಅಜ್ಜಿಯ ಬೆಳಕಿಂಡಿಯನ್ನು ತರಲಿಲ್ಲ.

ಗುಳಿಗೆಯ ಒಲೆಯ ರಚನೆ

ಹಿಮ ಬೀಳುವ ದೇಶಗಳಲ್ಲಿ ತಿಂಗಳುಗಟ್ಟಲೆ ಮನೆಯೊಳಗೆ ಬೆಂಕಿ ಉರಿಸುತ್ತಾರೆ. ಅಲ್ಲಿ ಬಳಕೆಗೆ ಬಂದ ಸಾಧನಗಳಲ್ಲಿ ಗುಳಿಗೆಯ ಒಲೆ, ಅಂದರೆ ಪೆಲೆಟ್ ಒಲೆಯು ಒಂದು. ೧೯೭೩ರಲ್ಲಿ ಖನಿಜ ತೈಲದ ಬೆಲೆ ಏರಿದ ಬಳಿಕ ಅಮೇರಿಕೆಯಲ್ಲಿ ಕಟ್ಟಿಗೆಯ ಹೊಟ್ಟನ್ನು ಒತ್ತಿ ಗುಳಿಗೆ ಮಾಡುವ ಉದ್ಯೋಗವು ಬೆಳೆಯಿತು. ೧೯೮೦ರ ದಶಕದಲ್ಲಿ ಮನೆಗೆ ತಕ್ಕ ಒಲೆಯೂ ಹೊರಟಿತು.

ದನಗಳಿಗೆ ಹಾಕುವ ಗುಳಿಗೆಯ ಆಹಾರವನ್ನು ಎಲ್ಲರೂ ಕಂಡಿರುವರು. ಇಂಧನದ ಗುಳಿಗೆಯೂ ರೂಪದಲ್ಲಿ ಅದರಂತೆಯೇ ಇರುವದು. ಉರುವಲನ್ನು ಒಣಗಿಸಿ, ಪುಡಿ ಮಾಡಿ, ರಂಧ್ರಗಳುಳ್ಳ ಉಕ್ಕಿನ ಅಚ್ಚಿನಲ್ಲಿ ಬಲವಾಗಿ ಒತ್ತುತ್ತಾರೆ. ಒತ್ತಡದ ಬಿಸಿಗೆ ಕಟ್ಟಿಗೆಯಲ್ಲಿರುವ ಲಿಗ್ನಿನ್ ಎಂಬ ಪದಾರ್ಥವು ಮೆತ್ತಗಾಗಿ ಅಂಟಿನ ಕೆಲಸ ಮಾಡುವದು. ಗುಳಿಗೆಯ ದಪ್ಪವು ೬ರಿಂದ ೮ ಮಿಲಿಮೀಟರು. ನೀರಿನ ಅಂಶ ಸೇಕಡಾ ೧೦ಕ್ಕೆ ಮೀರಬಾರದು. ಒಂದು ಘನ ಮೀಟರಿನಲ್ಲಿ ಸುಮಾರು ೬೦೦ ಕಿಲೋ ಹಿಡಿಯುವದರಿಂದ ಸಂಗ್ರಹಕ್ಕೆ ಜಾಗ ಕಡಿಮೆ ಸಾಕು.

ಒಲೆಯ ಹಿಂಬದಿಯ ಪೆಟ್ಟಿಗೆಯಲ್ಲಿ ಗುಳಿಗೆ ತುಂಬಿದರೆ, ತಿರುಪಿನ ದಂಡವೊಂದು ಮೆಲ್ಲಗೆ ತಿರುಗುತ್ತ ಉರಿಯುವ ಬಟ್ಟಲಿಗೆ ಸ್ವಲ್ಪಸ್ವಲ್ಪವಾಗಿ ಗುಳಿಗೆಯನ್ನು ನೂಕುವದು. ಒಂದು ಪಂಖೆಯು ಬೆಂಕಿಗೆ ಗಾಳಿಯನ್ನು ಎಳೆದು, ಹೊಗೆಯನ್ನು ಗೋಡೆಯಾಚೆಗಿನ ಕೊಳವೆಗೆ ದೂಡುವದು. ಇನ್ನೊಂದು ಪಂಖೆಯು ಬಿಸಿಯಾದ ಲೋಹದ ಮೇಲಿಂದ ಶುದ್ಧ ಗಾಳಿಯನ್ನು ಹಾಯಿಸಿ ಕೋಣೆಗೆ ಬಿಡುವದು. ಕೋಣೆಗೆ ಬರುವ ಬಿಸಿಗಾಳಿಯೂ ಬೆಂಕಿಯ ಹೊಗೆಯೂ ಎಲ್ಲಿಯೂ ಕೂಡುವದಿಲ್ಲ. ಈ ಒಲೆಯ ಸುರಕ್ಷತೆಯ ಗುಟ್ಟೆಲ್ಲ ಇದರಲ್ಲಿಯೇ ಇದೆ.

ಇದಕ್ಕೆ ದೋಷಗಳಿಲ್ಲವೆಂದಲ್ಲ. ವಿದ್ಯುತ್ತು ನಿಂತರೆ ತಿರುಪೂ ಪಂಖೆಯೂ ನಿಲ್ಲುವವು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಹಿಂದಕ್ಕೆ ಬರುವದು. ಬೂದಿಯನ್ನು ಪದೇಪದೇ ತೆಗೆಯಬೇಕು. ವರ್ಷದಲ್ಲಿ ಎರಡು ತಿಂಗಳ ರಾತ್ರಿಯ ಚಳಿಗಾಗಿ ಸಾಮಾನ್ಯ ರೈತನು ಇಂಥ ಒಲೆಯನ್ನು ಕೊಳ್ಳಬೇಕೆಂದು ನಾವು ಹೇಳುವದಿಲ್ಲ. ಒಣ ಉರುವಲು, ಸಾಕಷ್ಟು ಗಾಳಿ, ಹೊರಗೆ ಹೋಗುವ ಹೊಗೆಗೊಳವೆ ಎಂಬ ಅದರ ಮೂರು ನಿಯಮಗಳನ್ನು ಮಾತ್ರ ಪ್ರತಿಯೊಂದು ಮನೆಯವರೂ ಪಾಲಿಸಬಲ್ಲರು.

ನಮ್ಮ ನಾಡಿನ ಅನುಭವ

ಹೊಗೆಗೊಳವೆಯುಳ್ಳ ಒಲೆಯು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಅಸ್ತ್ರ ಒಲೆಯು ಹಳ್ಳಿಗಳಲ್ಲಿ ಹರಡಿತು. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ಗುಳಿಗೆಯನ್ನು ಉರಿಸುವ ‘ಊರ್ಜಾ’ ಎಂಬ ಅಡಿಗೆಯ ಒಲೆಯೂ ಸಿದ್ಧವಾಗಿ, ಕರ್ನಾಟಕ ಮಹಾರಾಷ್ಟ್ರಗಳ ಮನೆಗಳಿಗೆ ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಹೊಲದ ಕಸಕಡ್ಡಿಗೆ ಬೆಲೆ ಬಂದಂತೆ ಗುಳಿಗೆಯ ಬೆಲೆಯೂ ಏರಲಾಗಿ, ಅನೇಕರು ಒಲೆಯನ್ನು ಮೂಲೆಗಿಟ್ಟರು. ಆದಕಾರಣ ಗುಳಿಗೆಯ ಒಲೆ ಕೊಳ್ಳುವ ಮೊದಲು, ಗುಳಿಗೆಯು ಹತ್ತಿರದಲ್ಲಿ ಯಾವ ಬೆಲೆಗೆ ವರ್ಷವರ್ಷವೂ ಸಿಕ್ಕೀತೆಂಬುದನ್ನು ವಿಚಾರಿಸತಕ್ಕದ್ದು.

ಯಾವುದನ್ನು ಉರಿಸಬೇಕು, ಯಾವುದನ್ನು ಉಳಿಸಬೇಕು

ಹೊಲದಲ್ಲಿ ಉಳಿದದ್ದೆಲ್ಲವೂ ಉರುವಲಲ್ಲ. ಜೋಳದ ಕಣಿಕೆಯು ದನಗಳ ಪಾಲು. ಕಬ್ಬಿನ ರವದಿಯು ಭೂಮಿಯ ಪಾಲು. ಸಾಲುಗಳಲ್ಲಿ ಹೊದಿಸಿದರೆ ತೇವವನ್ನು ಕಾಯ್ದು ಗೊಬ್ಬರವಾಗುವದು. ಸೆಗಣಿಯನ್ನು ಕುಳ್ಳು ತಟ್ಟಿ ಸುಡುವದರಿಂದ ಆಗುವ ನಷ್ಟವನ್ನು ಡಾಕ್ಟರ್ ವೋಲ್ಕರ್ ಎಂಬವರು ೧೮೯೩ರ ತಮ್ಮ ವರದಿಯಲ್ಲಿಯೇ ಎತ್ತಿ ತೋರಿಸಿದ್ದರು.

ಉರುವಲಿಗೆ ನಿಜವಾಗಿ ತಕ್ಕವು ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಗೋವಿನಜೋಳದ ಬೆಂಡು ಮತ್ತು ಶೇಂಗಾದ ಸಿಪ್ಪೆ. ಹತ್ತಿಯ ಕಟ್ಟಿಗೆಯು ಎಕರೆಗೆ ಹೆಚ್ಚು ಕಡಿಮೆ ಒಂದು ಟನ್ನು ಬರುವದು. ಇದನ್ನು ಬೇಸಿಗೆಯುದ್ದಕ್ಕೂ ಹೊಲದ ಬದುವಿನಲ್ಲಿ ಒಟ್ಟಿದರೆ, ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಹುಳವು ಅಡಗಿ ಮುಂದಿನ ಬೆಳೆಗೆ ದಾಟುವದು. ಬೇಗನೆ ಕಿತ್ತು, ಯಂತ್ರದಿಂದ ತುಂಡರಿಸಿ ಗುಳಿಗೆಯ ಕಾರಖಾನೆಗೆ ಕೊಟ್ಟರೆ ಹುಳವೂ ನಾಶ, ರೈತನಿಗೂ ಕಾಸು. ೨೦೨೧ರಲ್ಲಿ ಕೇಂದ್ರ ವಿದ್ಯುತ್ ಮಂತ್ರಾಲಯವು ಕಲ್ಲಿದ್ದಲಿನ ವಿದ್ಯುತ್ ಕೇಂದ್ರಗಳಲ್ಲಿ ಇಂಥ ಗುಳಿಗೆಯನ್ನು ಬೆರಸಿ ಉರಿಸಬೇಕೆಂದು ವಿಧಿಸಿದ್ದರಿಂದ ಇದಕ್ಕೆ ಗಿರಾಕಿಯೂ ಹುಟ್ಟಿದೆ.

ಭತ್ತದ ಹೊಟ್ಟಿನಲ್ಲಿ ಬೂದಿಯ ಅಂಶವು ಸೇಕಡಾ ೧೫ರಿಂದ ೨೦ರ ವರೆಗೆ ಇರುವದರಿಂದ ಮನೆಯ ಗುಳಿಗೆ ಒಲೆಗೆ ಅದು ಹೊಂದದು. ರವದಿಯಂಥ ಹುಲ್ಲುಜಾತಿಯ ಕಸವು ಕಿಟ್ಟ ಕಟ್ಟಿ ಬಟ್ಟಲಿನ ರಂಧ್ರಗಳನ್ನು ಮುಚ್ಚುವದು. ಒಲೆಯ ಬೂದಿಯನ್ನು ತಿಪ್ಪೆಯಲ್ಲಿ ತೆಳುವಾಗಿ ಹರಡಬೇಕು. ನಮ್ಮ ಎರೆಭೂಮಿಯಲ್ಲಿ ಮೊದಲೇ ಕ್ಷಾರದ ಗುಣವಿರುವದರಿಂದ ಒಂದೇ ಕಡೆ ರಾಶಿ ಸುರಿಯಕೂಡದು.

ಪಾಲಿಸಬೇಕಾದ ನಿಯಮಗಳು

೧. ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಇಡಕೂಡದು. ಕಾಯಿಸಿಕೊಳ್ಳುವದಿದ್ದರೆ ಅಂಗಳದಲ್ಲಿ ಕಾಯಿಸಿಕೊಂಡು, ಕೆಂಡವನ್ನು ಹೊರಗೇ ನೀರು ಹಾಕಿ ಆರಿಸಿ ಮಲಗಬೇಕು.

೨. ಬಾಣಂತಿಗೂ ಕೂಸಿಗೂ ಕೌದಿ, ಕಂಬಳಿ, ಟೊಪ್ಪಿಗೆ ಮತ್ತು ತಾಯಿಯ ಮೈಶಾಖವೇ ಮೇಲಾದ ರಕ್ಷಣೆ. ಕೋಣೆಯನ್ನು ಬಿಸಿ ಮಾಡಲೇಬೇಕಾದರೆ ಹೊಗೆಗೊಳವೆಯುಳ್ಳ ಒಲೆಯಿಂದಲೇ ಮಾಡಬೇಕು.

೩. ಕಟ್ಟಿಗೆಯನ್ನು ಮಳೆಗಾಲದ ಮೊದಲೇ ಒಣಗಿಸಿ ಸೂರಿನ ಕೆಳಗೆ ಒಟ್ಟಬೇಕು. ಹಸಿ ಕಟ್ಟಿಗೆಯ ಪ್ರತಿ ಕಿಲೋ ನೀರನ್ನು ಆವಿ ಮಾಡಲು ಸುಮಾರು ೬೦೦ ಕಿಲೋಕ್ಯಾಲರಿ ಶಾಖವು ವ್ಯರ್ಥವಾಗುವದು.

೪. ಹೊಸ ಮನೆ ಕಟ್ಟಿಸುವವರು ಅಡಿಗೆ ಮನೆಗೆ ಹೊಗೆಗೊಳವೆಯನ್ನೂ ಪ್ರತಿ ಕೋಣೆಗೆ ಮೇಲ್ಗಡೆಯ ಗವಾಕ್ಷಿಯನ್ನೂ ಬಿಡಿಸಬೇಕು.

೫. ಬೆಂಕಿಯಿದ್ದ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ವಾಂತಿ, ಮಂಪರು ಬಂದರೆ ಕೂಡಲೆ ಬಾಗಿಲು ತೆರೆದು, ಅವರನ್ನು ಬಯಲಿಗೆ ತಂದು, ೧೦೮ಕ್ಕೆ ಫೋನು ಮಾಡಬೇಕು.

ಕಬ್ಬು ಕಡಿಯಲು ಬಂದವರು ಜೋಪಡಿಗಳಲ್ಲಿಯೂ, ಹೊಲ ಕಾಯುವವರು ಗುಡಿಸಲಿನಲ್ಲಿಯೂ ಮಕ್ಕಳೊಡನೆ ಚಳಿಯನ್ನು ಕಳೆಯುವರು. ಅವರಿಗೆ ಈ ಲೇಖನವು ಮುಟ್ಟದು. ನಿಮ್ಮ ಮಾತು ಮುಟ್ಟೀತು. ಕೆಲಸಕ್ಕೆ ಕರೆದ ಜಮೀನುದಾರನು ಅವರಿಗೆ ಎರಡು ಕಂಬಳಿಯನ್ನು ಕೊಟ್ಟು, ಕೆಂಡವನ್ನು ಒಳಗೆ ಒಯ್ಯಬೇಡಿರೆಂದು ಹೇಳಿದರೆ, ಅಷ್ಟರಿಂದಲೇ ಒಂದು ಕುಟುಂಬದ ಪ್ರಾಣವು ಉಳಿಯಬಹುದು. ಬರುವ ಹೊಸ್ತಿಲ ಹುಣ್ಣಿವೆಗೆ ಮೊದಲು ಪ್ರತಿಯೊಂದು ಊರಿನಲ್ಲಿಯೂ ಈ ಮಾತನ್ನು ಚಾವಡಿಯಲ್ಲಿ ಓದಿ ಹೇಳಿಸುವದು ಹಿರಿಯರ ಹೊಣೆಯಾಗಿದೆ.